ಮೂಲೆಯಮ್ಮನ ಓಟು

ನಮ್ಮೂರಿನಲ್ಲಿ ದೇವರಿಗೂ ಓಟಿದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ಆಮೇಲೆ ನನ್ನ ಹತ್ತಿರ ಒಂದು ಪ್ಲೇಟ್ ಮೆಣಸಿನಕಾಯಿ ಬಜ್ಜಿ ತಿಂದು, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಾ, ನಿಜವೇನಮ್ಮ ಎಂದು ಮತ್ತೆ ಕೇಳುತ್ತಾರೆ. ನಿಜ. ಯಾವಾಗಿನಿಂದ, ಯಾಕೆ ಎಂದೆಲ್ಲ ನನ್ನನ್ನು ಕೇಳಬೇಡಿ. ನಾನು ಈ ಊರಿಗೆ ಸೊಸೆಯಾಗಿ ಬಂದಾಗಲೇ ಹಾಗಿತ್ತು, ನನ್ನ ಅತ್ತೆ ಸೊಸೆಯಾಗಿ ಬಂದಾಗಲೂ ಹಾಗೇ ಇತ್ತಂತೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಸೋಮವಾರ ಸಂತೆ ಸೇರುತ್ತದೆ, ದೇವರಿಗೆ ಓಟಿದೆ. ಇದರಲ್ಲಿ ವಿವರಿಸುವುದಕ್ಕೆ ಏನಿದೆ?

ಓಟಿನ ದಿನ ಬೆಳಗ್ಗೆ ಪುರಸಭೆಯವರು ಚೀಟಿ ತಂದು ದೇವರ ಮುಂದಿಡುತ್ತಾರೆ, ಪಕ್ಕದಲ್ಲಿ ಮುದ್ರೆ, ಮಸಿ. ಪೂಜಾರಿ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ನಿಲ್ಲುತ್ತಾನೆ. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಒಳಗೆ ಹೋದರೆ ಚೀಟಿ ನಾಲ್ಕು ಮಡಿಕೆಯಾಗಿರುತ್ತದೆ. ಅದನ್ನು ತೆಗೆದುಕೊಂಡು ಹೋಗಿ ನಿಮ್ಮ ನಮ್ಮ ಚೀಟಿ ಬೀಳುವ ಪೆಟ್ಟಿಗೆಯಲ್ಲೇ ಹಾಕುವುದು. ಪೆಟ್ಟಿಗೆಗೆ ಬೀಳುವ ಮೊದಲು ಯಾರೂ ಬಿಚ್ಚಿ ನೋಡುವುದಿಲ್ಲ. ನೋಡಿದರೆ ಏನಾಗುತ್ತದೋ ಗೊತ್ತಿಲ್ಲ, ಯಾಕೆಂದರೆ ಇವತ್ತಿನವರೆಗೆ ಯಾರೂ ನೋಡಿಲ್ಲ. ಬೇರೆ ವಿಷಯದಲ್ಲಿ ನಮ್ಮೂರಿನವರು ಹೇಗೇ ಇರಲಿ, ಇದೊಂದರಲ್ಲಿ ಮರ್ಯಾದಸ್ಥರು.

ಹಾಗೆಂದು ಎಲ್ಲ ದೇವರಿಗೂ ಓಟಿದೆ ಎಂದರೆ ತಪ್ಪಾಗುತ್ತದೆ. ಮಸೀದಿಯವರು ಹಿಂದೆಯೇ ಚೀಟಿ ವಾಪಸು ಕಳಿಸಿಬಿಟ್ಟರು. ಅಲ್ಲಾಹ್ ಯಾವ ವಾರ್ಡಿನ ನಿವಾಸಿಯೂ ಅಲ್ಲ ಎಂದರು. ಅದು ನ್ಯಾಯವೇ. ದರ್ಗಾದ ಬಾಬಾ ಮಾತ್ರ ಈ ಊರಿನಲ್ಲೇ ಬಾಳಿ ಬದುಕಿದವರು, ಅವರ ಚೀಟಿಯನ್ನು ನನ್ನ ಒಲೆಯ ಎದುರಿನ ಟೀ ಅಂಗಡಿಯ ಮಕಬೂಲಣ್ಣ ತರುತ್ತಾನೆ. ಚರ್ಚಿನ ಆರೋಗ್ಯ ಮಾತೆಯ ಚೀಟಿ ಫಾದರ್ ಅವರ ಸೈಕಲ್ಲಿನಲ್ಲಿ ಬರುತ್ತದೆ. ಹೊಸದಾಗಿ ಪ್ರತಿಷ್ಠೆಯಾದ ದೇವರು ಹದಿನೆಂಟು ವರ್ಷ ತುಂಬುವವರೆಗೆ ಕಾಯಬೇಕು. ಬಸ್ ಸ್ಟ್ಯಾಂಡಿನ ಗಣಪತಿಗೆ ಇನ್ನೂ ವಯಸ್ಸಾಗಿಲ್ಲ, ಓಟಿನ ದಿನ ಅವನು ಉಳಿದ ಮಕ್ಕಳ ಜೊತೆ ಸುಮ್ಮನೆ ಇರುತ್ತಾನೆ. ಇನ್ನೊಂದು, ದೇವರನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಕೂರಿಸಿದರೆ ಆ ದೇವರು ಮತ್ತೆ ಕೂಸಾಗುತ್ತದೆ. ಮತ್ತೆ ಹದಿನೆಂಟು ವರ್ಷ ಓಟಿಲ್ಲ. ಮುಂದಿನ ಗಲಾಟೆಗೆಲ್ಲ ಮೂಲ ಇದೇ ಕಾನೂನು.

ನನ್ನ ದೇವರು ಮೂಲೆಯಮ್ಮ. ಮೂರು ರಸ್ತೆ ಸೇರುವ ಮೂಲೆಯಲ್ಲಿ, ಹೊಂಗೆ ಮರದ ಬುಡದಲ್ಲಿ, ಮೊಣಕಾಲೆತ್ತರದ ಕಲ್ಲು, ಕೆಳಗೊಂದು ಚಪ್ಪಡಿ ಪೀಠ. ಗುಡಿಯಿಲ್ಲ, ಗೋಡೆಯಿಲ್ಲ, ಪೂಜಾರಿಯೂ ಇಲ್ಲ. ಅವಳ ಮಗ್ಗುಲಲ್ಲೇ ನನ್ನ ಒಲೆ. ಅತ್ತೆ ಕೈಲಾಗದ ದಿನ ನನ್ನ ಕೈಗೆ ಸೌಟು ಕೊಟ್ಟು ಹೇಳಿದ್ದು ಒಂದೇ ಮಾತು, ಮೊದಲನೇ ಬಜ್ಜಿ ಅಮ್ಮನಿಗೆ. ಅವತ್ತಿನಿಂದ ದಿನಾ ಮೊದಲ ಬಾಣಲೆಯ ಮೊದಲ ಬಜ್ಜಿಯನ್ನು ಪೇಪರ್ ಚೂರಿನ ಮೇಲೆ ಅವಳ ಮುಂದಿಡುತ್ತೇನೆ. ಸ್ವಲ್ಪ ಹೊತ್ತಿಗೆ ಕಾಗೆ ಬಂದು ಎತ್ತಿಕೊಂಡು ಹೋಗುತ್ತದೆ, ಪೇಪರ್ ಗಾಳಿಗೆ ಹಾರುತ್ತದೆ. ಉಳಿದಂತೆ ದಿನವಿಡೀ ನಾನು ಅವಳ ಹತ್ತಿರ ಮಾತಾಡುತ್ತೇನೆ, ಬೈಯುತ್ತೇನೆ, ಗಂಡನ ಮೇಲೆ ಚಾಡಿ ಹೇಳುತ್ತೇನೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ಅಂಥ ಗೆಳತಿ ಇನ್ನೆಲ್ಲಿ ಸಿಗುತ್ತಾಳೆ ಹೇಳಿ.

ಮೂಲೆಯಮ್ಮನಿಗೆ ಬಾಗಿಲಿಲ್ಲವಾದ್ದರಿಂದ ಅವಳು ಓಟು ಹಾಕುವಾಗ ನಾವೇ ಬೆನ್ನು ತಿರುಗಿಸಬೇಕು. ಪುರಸಭೆಯವನು ಚೀಟಿ ಇಟ್ಟು ಸೀಟಿ ಊದುತ್ತಾನೆ. ಮೂರೂ ರಸ್ತೆಯಲ್ಲಿ ಇದ್ದವರು ಇದ್ದಲ್ಲೇ ನಿಂತು ಬೆನ್ನು ಮಾಡುತ್ತಾರೆ. ಬಸ್ಸು ನಿಲ್ಲುತ್ತದೆ, ಒಳಗಿನವರು ಸೀಟಿನಲ್ಲಿ ಹೊರಳಿ ಕೂರುತ್ತಾರೆ. ಸೈಕಲ್ಲಿನವನು ಸೈಕಲ್ ಸಮೇತ ತಿರುಗುತ್ತಾನೆ. ಪೊಲೀಸಪ್ಪ, ಹಾಲಿನವಳು, ಶಾಲೆಯ ಮಕ್ಕಳು, ಎಲ್ಲರೂ. ಊರಿಗೆ ಊರೇ ಒಬ್ಬಳಿಗೆ ಮರ್ಯಾದೆ ಕೊಟ್ಟು ಬೆನ್ನು ಮಾಡಿ ನಿಲ್ಲುತ್ತದೆ. ಮನುಷ್ಯರಿಗೆ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಊರಿನಲ್ಲಿ ಪಕ್ಷಗಳು ಎರಡು, ಗಂಟೆ ಪಕ್ಷ ಮತ್ತು ಕನ್ನಡಕ ಪಕ್ಷ. ಗಂಟೆಯವರಿಗೆ ದೇವರೆಂದರೆ ಪ್ರಾಣ. ಸಭೆ ಶುರುವಾಗುವ ಮೊದಲು ಗಂಟೆ ಬಾರಿಸುತ್ತಾರೆ, ಮುಗಿದ ಮೇಲೆ ಮಂಗಳಾರತಿ ಮಾಡುತ್ತಾರೆ. ಕನ್ನಡಕದವರಿಗೆ ಕಣ್ಣಿಗೆ ಕಂಡದ್ದಷ್ಟೇ ಸತ್ಯ. ಅವರ ಸಭೆಯಲ್ಲಿ ಯಾರಾದರೂ ಆಕಳಿಸಿ 'ಶಿವನೇ' ಎಂದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಇದು ಮಾತಿನ ವಿಷಯ. ಕೆಲಸದ ವಿಷಯ ಬೇರೆ. ಗಂಟೆಯವರು ಅಧಿಕಾರಕ್ಕೆ ಬಂದಾಗಲೆಲ್ಲ ಶಾಲೆ ಕಟ್ಟಿಸುತ್ತಾರೆ, ಆಸ್ಪತ್ರೆಗೆ ಮಂಚ ಕೊಡಿಸುತ್ತಾರೆ, ಮಕ್ಕಳಿಗೆ ಚಂದ್ರನನ್ನು ತೋರಿಸುವ ದುರ್ಬೀನು ತರಿಸಿದ್ದೂ ಅವರೇ. ದೇವಸ್ಥಾನಗಳಿಗೆ ಮಾತ್ರ ನೀರಿನ ಕರ, ದೀಪದ ಕರ, ಜೋರಾಗಿ ಗಂಟೆ ಬಾರಿಸಿದರೆ ಸದ್ದಿನ ಕರ. ಕನ್ನಡಕದವರು ಬಂದರೆ ಶಾಲೆಯ ಸೂರು ಸೋರುತ್ತದೆ, ಗುಡಿಗಳಿಗೆ ಸುಣ್ಣ ಬೀಳುತ್ತದೆ. ದರ್ಗಾದ ನೀರಿನ ಹೌಜಿನ ಹೂಳು ತೆಗೆಸಿದವರು, ಚರ್ಚಿನ ಗಡಿಯಾರ ರಿಪೇರಿ ಮಾಡಿಸಿದವರು, ಪ್ರತಿ ದೇವರಿಗೂ ತಿಂಗಳಿಗೊಂದು ಡಬ್ಬಿ ದೀಪದೆಣ್ಣೆ ಕೊಟ್ಟವರು, ದೇವರೇ ಇಲ್ಲ ಎನ್ನುವ ಈ ಪುಣ್ಯಾತ್ಮರು.

ಯಾಕೆ ಹೀಗೆ ಎಂದರೆ, ದೇವರ ಓಟೆಲ್ಲ ಕನ್ನಡಕಕ್ಕೇ ಬೀಳುತ್ತದೆ ಎಂಬುದು ಎರಡೂ ಪಕ್ಷಗಳ ನಂಬಿಕೆ. ಯಾವ ಮನೆಯವರು ಯಾರ ಕಡೆ ಎಂಬುದು ಸಣ್ಣ ಊರಿನಲ್ಲಿ ಗುಟ್ಟೇನಲ್ಲ. ಮನುಷ್ಯರದನ್ನು ಕಳೆದರೆ ಉಳಿದದ್ದು ದೇವರದು. ದೇವರು ಹೇಗೂ ನಮಗೆ ಹಾಕುವುದಿಲ್ಲ ಎಂದು ಗಂಟೆಯವರು ಮನುಷ್ಯರ ಕಾಲು ಹಿಡಿದರು. ದೇವರು ಕೈಬಿಟ್ಟರೆ ಉಳಿಗಾಲವಿಲ್ಲ ಎಂದು ಕನ್ನಡಕದವರು ದೇವರ ಕಾಲು ಹಿಡಿದರು. ಜನ ಇದಕ್ಕೆ ಒಗ್ಗಿಕೊಂಡುಬಿಟ್ಟಿದ್ದರು. ನನ್ನ ಯಜಮಾನರು ಶನಿವಾರ ಒಪ್ಪತ್ತು, ಏಕಾದಶಿ ನಿಟ್ಟುಪವಾಸ, ಓಟು ಮಾತ್ರ ಕನ್ನಡಕಕ್ಕೆ. ದೇವರ ದೀಪ ಉರಿಯಬೇಕಲ್ಲ ಎನ್ನುತ್ತಾರೆ. ಮಕಬೂಲಣ್ಣನ ಮಗಳು ಓದಿನಲ್ಲಿ ಚುರುಕು, ಅವಳಿಗೆ ಕಾಲೇಜಿನ ಪ್ರಯೋಗಶಾಲೆ ಬೇಕು, ಹಾಗಾಗಿ ಅವರ ಮನೆಯ ಓಟು ಗಂಟೆಗೆ. ಯಾರೂ ಯಾರನ್ನೂ ಆಡಿಕೊಳ್ಳುವಂತಿರಲಿಲ್ಲ.

ದೇವರುಗಳು ಕನ್ನಡಕಕ್ಕೆ ಯಾಕೆ ಹಾಕುತ್ತಾರೆ ಎಂಬುದಕ್ಕೆ ನನ್ನದೇ ಒಂದು ಲೆಕ್ಕಾಚಾರವಿದೆ. ಕನ್ನಡಕ ಪಕ್ಷದ ಮುಖಂಡ ಲಾಯರ್ ಲಕ್ಷ್ಮೀಪತಿ ಪ್ರತಿ ಚುನಾವಣೆಗೂ ದೇವರುಗಳ ಹತ್ತಿರ ಪ್ರಚಾರಕ್ಕೆ ಬರುತ್ತಿದ್ದರು. ಅಭ್ಯಾಸಬಲದಿಂದ ಕೈ ಮುಗಿದುಬಿಟ್ಟೀತು ಎಂದು ಎರಡೂ ಕೈಯನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡು ಮೂಲೆಯಮ್ಮನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. "ಸನ್ಮಾನ್ಯ ಮತದಾರರೇ, ತಾವು ಇಲ್ಲ ಎಂಬುದು ನಮ್ಮ ಪಕ್ಷದ ನಿಲುವು. ಆದರೂ ತಮ್ಮ ಬೆಂಬಲ ಕೋರುತ್ತೇವೆ." ಆಮೇಲೆ ಗಟಾರದ ವಿಷಯ, ಸೊಳ್ಳೆಯ ವಿಷಯ, ಭೂಮಿ ದುಂಡಗಿರುವ ವಿಷಯ ಎಂದು ಬಿಸಿಲು ನೆತ್ತಿಗೇರುವವರೆಗೆ ವಾದ ಮಾಡುತ್ತಿದ್ದರು. ಗಂಟೆಯವರು ಬಂದರೆ ಕಾಯಿ ಒಡೆದು ಮಗಳಿಗೆ ಗಂಡು ಕೊಡು, ಕೇಸು ಗೆಲ್ಲಿಸು ಎಂದು ಕೇಳಿ ಹೊರಟುಬಿಡುತ್ತಾರೆ. ದಿನಾ ಬೇಡುವವರನ್ನೇ ನೋಡಿ ನೋಡಿ ಬೇಜಾರಾದವಳಿಗೆ, ಕೂತು ಜಗಳವಾಡುವವನೊಬ್ಬ ಸಿಕ್ಕರೆ ಖುಷಿಯಾಗುವುದಿಲ್ಲವೇ?

ಹೋದ ಸಲ ಗಂಟೆ ಪಕ್ಷದ ಶಂಭಣ್ಣ ಪುರಸಭೆಯ ಅಧ್ಯಕ್ಷನಾಗಿದ್ದ. ಆಳು ದಪ್ಪ, ದನಿ ಅದಕ್ಕಿಂತ ದಪ್ಪ. ಅವಧಿ ಮುಗಿಯುತ್ತ ಬಂದಾಗ ಅವನು ಎರಡು ಯೋಜನೆ ಹಾಕಿದ. ಒಂದು ಭಕ್ತಿಪಥ. ಬಸ್ ಸ್ಟ್ಯಾಂಡಿನಿಂದ ಬೆಟ್ಟದ ರಂಗನಾಥನವರೆಗೆ ಭಕ್ತರ ಕಾರು ಸಲೀಸಾಗಿ ಹೋಗುವಂಥ ಅಗಲವಾದ ರಸ್ತೆ. ಆ ರಸ್ತೆಗೆ ಮೂಲೆಯಮ್ಮ ಅಡ್ಡ, ನನ್ನ ಒಲೆ ಅಡ್ಡ. ದೇವರ ಹತ್ತಿರ ಹೋಗುವುದಕ್ಕೆ ದೇವರನ್ನೇ ಕೀಳುವ ಯೋಜನೆ. ಹೊಸ ಬಡಾವಣೆಯಲ್ಲಿ ಅಮ್ಮನಿಗೆ ಕಲ್ಲಿನ ಗುಡಿ ಕಟ್ಟಿಸಿಕೊಡುತ್ತೇನೆ ಎಂದು ಮೈಕಿನಲ್ಲಿ ಹೇಳಿದ. ಎರಡನೆಯದು, ಮತ್ತೆ ಗೆದ್ದರೆ ದೇವರುಗಳ ಓಟನ್ನೇ ರದ್ದು ಮಾಡುವುದು. ಜಗತ್ತನ್ನು ಸೃಷ್ಟಿ ಮಾಡಿದವರನ್ನು ಓಟಿನ ಸಾಲಿನಲ್ಲಿ ನಿಲ್ಲಿಸುವುದು ಅಪಚಾರ ಎಂದು ಹೇಳಿ ಅವನು ಕೆನ್ನೆ ಕೆನ್ನೆ ಬಡಿದುಕೊಂಡ. ಸಭೆಯಲ್ಲಿ ಎದ್ದು ನಿಂತು ವಿರೋಧಿಸಿದವರು ಲಕ್ಷ್ಮೀಪತಿ. ದೇವರ ಹಕ್ಕಿಗಾಗಿ ಕೊನೆಯ ಉಸಿರಿರುವ ತನಕ ಹೋರಾಡುತ್ತೇನೆ ಎನ್ನುವಾಗ ಅವರ ಕನ್ನಡಕ ಮಂಜಾಗಿತ್ತಂತೆ.

ಊರಿನವರಿಗೆ ಇದು ತಮಾಷೆಯಾಗಿತ್ತು. ನನಗೆ ನಿದ್ದೆ ಬರಲಿಲ್ಲ. ಹೊಸ ಬಡಾವಣೆಯ ಗುಡಿಗೆ ಬಾಗಿಲಿರುತ್ತದೆ, ಬಾಗಿಲಿಗೆ ಬೀಗವಿರುತ್ತದೆ, ಎಣ್ಣೆ ಬಾಣಲೆಯವಳನ್ನು ಮೆಟ್ಟಿಲ ಹತ್ತಿರವೂ ಬಿಡುವುದಿಲ್ಲ. ಅಮ್ಮ ಕೂಸಾಗುತ್ತಾಳೆ, ಅವಳಿಗೆ ಓಟು ಬರುವಷ್ಟರಲ್ಲಿ ನಾನಿರುತ್ತೇನೋ ಇಲ್ಲವೋ. ಒಲೆಯನ್ನು ಬೇರೆ ಕಡೆ ಹಾಕಿದರಾಯಿತು ಎಂದು ಯಜಮಾನರು ಹೇಳಿದರು. ಒಲೆ ಹಾಕಬಹುದು. ನಾನು ಬೆಳಗ್ಗೆ ಎದ್ದು ಯಾರನ್ನು ಬೈಯಲಿ? ನೀವಿದ್ದೀರಿ ನಿಜ, ಆದರೆ ನೀವು ತಿರುಗಿ ಮಾತಾಡುತ್ತೀರಿ ಎಂದೆ.

ಎಲ್ಲರ ಹಾಗೆ ನಾನೂ ಕನ್ನಡಕ ಗೆಲ್ಲುತ್ತದೆ ಎಂದು ಧೈರ್ಯ ತಂದುಕೊಂಡೆ. ದೇವರ ಓಟೆಲ್ಲ ಅವರದೇ ತಾನೆ. ಆ ಧೈರ್ಯ ಲಕ್ಷ್ಮೀಪತಿಯವರಿಗೂ ಬಂದುಬಿಟ್ಟಿತ್ತು. ಆ ಸಲ ಅವರು ಮೂಲೆಗೆ ಬರಲೇ ಇಲ್ಲ. ಮೈಕ್ ಕಟ್ಟಿದ ಆಟೋ ಒಂದು ಸುತ್ತು ಹಾಕಿ ಹೋಯಿತು. ಪಕ್ಷದ ಹುಡುಗರು ಹೊಂಗೆ ಮರಕ್ಕೆ ಕರಪತ್ರ ಅಂಟಿಸಿ ಹೋದರು, ಅದೂ ಅಮ್ಮನ ಬೆನ್ನ ಹಿಂದೆ. ಓದುವುದಾದರೂ ಹೇಗೆ ಅವಳು? ನಮ್ಮವರೇ ತಾನೆ, ಎಲ್ಲಿಗೆ ಹೋಗುತ್ತಾರೆ ಎಂದು ಲಾಯರು ಮಕಬೂಲಣ್ಣನ ಅಂಗಡಿಯಲ್ಲಿ ಟೀ ಕುಡಿಯುತ್ತ ಹೇಳಿದ್ದು ನನ್ನ ಕಿವಿಗೂ ಬಿತ್ತು. ನನಗೆ ಬಿದ್ದದ್ದು ಅವಳಿಗೆ ಬಿದ್ದಿರುವುದಿಲ್ಲವೇ?

ಚುನಾವಣೆಗೆ ಎರಡು ದಿನ ಇದ್ದಾಗ ಬೆಳಗ್ಗೆ ಬೆಳಗ್ಗೆಯೇ ಶಂಭಣ್ಣ ಬಂದ. ಹಿಂದೆ ಜನವಿಲ್ಲ, ಕೈಯಲ್ಲಿ ಕಾಯಿಯಿಲ್ಲ, ಹೆಗಲ ಮೇಲೆ ಶಾಲಿಲ್ಲ. ಇನ್ನೂ ಒಲೆ ಹೊತ್ತಿಸಿರಲಿಲ್ಲ, ನಾನು ಕಡಲೆಹಿಟ್ಟು ಕಲಸುತ್ತಿದ್ದೆ. ಅವನ ಮುಖ ನೋಡುವ ಮನಸ್ಸಿಲ್ಲದೆ ಬೆನ್ನು ತಿರುಗಿಸಿ ಕೂತೆ. ಅವನೂ ನನ್ನನ್ನು ಮಾತಾಡಿಸಲಿಲ್ಲ. ಅಮ್ಮನ ಮುಂದೆ ನೆಲಕ್ಕೆ ಕೂತ ಸದ್ದಾಯಿತು.

"ಅಮ್ಮಾ, ನಾನು ಗೆದ್ರೆ ನಿನ್ನ ಕೀಳ್ತೀನಿ. ಅದನ್ನ ಹೇಳೋಣ ಅಂತ ಬಂದೆ," ಎಂದ. ಮೈಕಿನ ದನಿಯಲ್ಲ, ಮನೆಯೊಳಗಿನ ದನಿ. "ಕಲ್ಲಿನ ಗುಡಿ ಕಟ್ಟಿಸ್ತೀನಿ ಅಂತ ಊರೆಲ್ಲಾ ಹೇಳ್ಕೊಂಡು ಬಂದೀನಿ. ಅದು ಸುಳ್ಳು. ಗುಡಿಗೆ ಜಾಗಾನೂ ನೋಡಿಲ್ಲ, ಕಲ್ಲೂ ಬಂದಿಲ್ಲ. ಸಣ್ಣೋನಿದ್ದಾಗ ನಮ್ಮವ್ವ ಮೊಸರು ಮಾರಕ್ಕೆ ಹೋಗುವಾಗ ನನ್ನ ಸೊಂಟಕ್ಕೆ ಸೀರೆ ಚೂರು ಬಿಗಿದು ಇದೇ ಮರಕ್ಕೆ ಕಟ್ಟಿ ಹೋಗೋಳು. ನೋಡ್ಕೋ ಅಂತ ನಿನಗೆ ಹೇಳಿ ಹೋಗೋಳು. ನೀನು ನೋಡ್ಕೊಂಡೆ. ಈಗ ನಾನು ಹಿಂಗೆ ಮಾಡ್ತಾ ಇದೀನಿ. ಓಟು ಕೇಳಕ್ಕೆ ಬಂದಿಲ್ಲ ಕಣವ್ವ. ಯಾವ ಮುಖ ಇಟ್ಕೊಂಡು ಕೇಳ್ಲಿ."

ತುಂಬಾ ಹೊತ್ತು ಕೂತಿದ್ದ. ಮಂಡಿ ನೋವಿನ ವಿಷಯ ಹೇಳಿದ. ಪಕ್ಷದಲ್ಲಿ ತನ್ನ ಮಾತು ಯಾರೂ ಕೇಳುವುದಿಲ್ಲ, ರಸ್ತೆ ಬೇಕೆಂದು ಹಟ ಹಿಡಿದವರು ಬೇರೆಯವರು ಎಂದು ಹೇಳಿದ. ದೂರಲ್ಲ, ಸುಮ್ಮನೆ ಮಾತು. ನಾನು ಒಲೆ ಹೊತ್ತಿಸಿ ಮೊದಲನೇ ಬಜ್ಜಿ ಅಮ್ಮನಿಗಿಟ್ಟೆ. ಎರಡನೆಯದಕ್ಕೆ ಬುಟ್ಟಿಯಲ್ಲಿದ್ದ ಅತಿ ಖಾರದ ಮೆಣಸಿನಕಾಯಿಯನ್ನು ಹುಡುಕಿ ಹಿಟ್ಟಿನಲ್ಲಿ ಅದ್ದಿ, ಕರಿದು ಶಂಭಣ್ಣನಿಗೆ ಕೊಟ್ಟೆ. ಅವನು ಪೂರ್ತಿ ತಿಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದರಲ್ಲಿ ನನ್ನ ಮೆಣಸಿನಕಾಯಿಯದೆಷ್ಟೋ ಅವನದೆಷ್ಟೋ ನಾನರಿಯೆ.

ಓಟಿನ ದಿನ ಪುರಸಭೆಯವನು ಮೂಲೆಯಮ್ಮನ ಪೀಠದ ಮೇಲೆ ಚೀಟಿ ಇಟ್ಟು ಸೀಟಿ ಊದಿದ. ಮೂರು ರಸ್ತೆಯೂ ಬೆನ್ನು ತಿರುಗಿಸಿದವು. ಲಕ್ಷ್ಮೀಪತಿಯವರು ಅದೇ ದಾರಿಯಲ್ಲಿ ಹೋಗುತ್ತಿದ್ದವರು ಕಾರಿನಿಂದಿಳಿದು ಬೆನ್ನು ಮಾಡಿ ನಿಂತರು. ನಂಬಿಕೆ ಬೇರೆ, ಸಭ್ಯತೆ ಬೇರೆ ಎಂದು ಅವರು ಯಾವಾಗಲೂ ಹೇಳುತ್ತಾರೆ. ಎರಡನೇ ಸೀಟಿಗೆ ತಿರುಗಿ ನೋಡಿದರೆ ಚೀಟಿ ನಾಲ್ಕು ಮಡಿಕೆಯಾಗಿತ್ತು. ನಾನು ನಿಂಬೆಹಣ್ಣಿನ ಸಿಪ್ಪೆಯಲ್ಲಿ ಕೈ ತಿಕ್ಕಿ ತೊಳೆದು ಅದನ್ನು ತೆಗೆದುಕೊಂಡು ಹೋಗಿ ಪೆಟ್ಟಿಗೆಗೆ ಹಾಕಿದೆ. ಕೈ ತೊಳೆದು ಪ್ರಯೋಜನವಿರಲಿಲ್ಲ. ಅತ್ತೆಯ ಕಾಲದಿಂದ ಎಣ್ಣೆ ಹೊಗೆ ಕುಡಿದ ಕಲ್ಲು ಅದು, ಪೀಠದ ಮೇಲಿಟ್ಟ ಕಾಗದ ಎಣ್ಣೆ ಹೀರದೆ ಇರುತ್ತದೆಯೇ?

ಎಣಿಕೆ ನಡೆದದ್ದು ಶಂಭಣ್ಣ ಕಟ್ಟಿಸಿದ ಶಾಲೆಯ ಹಾಲಿನಲ್ಲಿ. ಊರೆಲ್ಲ ಅಲ್ಲೇ ಸೇರಿತ್ತು. ಗಂಟೆಗೊಂದು ಕನ್ನಡಕಕ್ಕೊಂದು ಎನ್ನುವಂತೆ ಸರಿಸಮ ಬರುತ್ತ ಬರುತ್ತ, ಕೊನೆಗೆ ಎರಡು ಕಟ್ಟೂ ಸಮನಾಗಿ ಪೆಟ್ಟಿಗೆಯ ತಳದಲ್ಲಿ ಒಂದೇ ಚೀಟಿ ಉಳಿಯಿತು. ಅಧಿಕಾರಿ ಅದನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಎಣ್ಣೆ ಹೀರಿದ ಕಾಗದದೊಳಗಿಂದ ಬೆಳಕು ಆಚೆಗೆ ತೂರಿತು. ಓಂಕಾಳು, ಕಡಲೆಹಿಟ್ಟು, ಹಸಿಮೆಣಸಿನಕಾಯಿಯ ವಾಸನೆ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೋಯಿತು. ಆ ವಾಸನೆ ಗೊತ್ತಿಲ್ಲದ ಮೂಗು ನಮ್ಮೂರಿನಲ್ಲಿಲ್ಲ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಚೀಟಿಯನ್ನು ನೋಡಿದೆ. ಮುದ್ರೆ ಗಂಟೆಯ ಮೇಲಿತ್ತು.

ಶಂಭಣ್ಣ ಗೆದ್ದಿದ್ದ. ಅವನ ಕಡೆಯವರು ಗಂಟೆ ಬಾರಿಸುವುದನ್ನೂ ಮರೆತು ನಿಂತುಬಿಟ್ಟರು. ಅವನಂತೂ ಕುರ್ಚಿಯ ಮೇಲೆ ಕುಸಿದು, ಅಧಿಕಾರಿಗಳೇ ಇನ್ನೊಂದ್ಸಲ ನೋಡ್ರಿ, ಅವಳು ನನಗೆ ಹಾಕಿರೋದಿಲ್ಲ ಎಂದು ತನ್ನ ಗೆಲುವಿನ ಮೇಲೆ ತಾನೇ ತಕರಾರು ಮಾಡಿದ.

ನನಗೆ ಬಂದ ಸಿಟ್ಟನ್ನು ಹೇಳಿ ಮುಗಿಸಲಾರೆ. ನೆಟ್ಟಗೆ ಮೂಲೆಗೆ ಬಂದು ಅವಳ ಮುಂದೆ ನಿಂತೆ. "ನನ್ನ ಒಲೆ ಕೀಳೋನಿಗೆ ಹಾಕ್ದೆಯಲ್ಲೇ. ಇಷ್ಟು ವರ್ಷ ಬಜ್ಜಿ ತಿಂದ ಬಾಯಿಗೆ ಇದೇನಾ ಋಣ?" ಎಂದು ಕೇಳಿದೆ. ಅವಳು ಎಂದಿನಂತೆ ಸುಮ್ಮನಿದ್ದಳು. ಮರುದಿನದಿಂದ ನಾನು ಅವಳಿಗೆ ಬೆನ್ನು ಮಾಡಿಕೊಂಡೇ ಕೂತೆ. ಮೊದಲನೇ ಬಜ್ಜಿ ಗಿರಾಕಿಗೆ ಹೋಯಿತು. ಅವಳ ಹತ್ತಿರ ಮಾತಿಲ್ಲ, ಬೈಗುಳವೂ ಇಲ್ಲ. ಬೈಯದೆ ಇರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ನಾನಿಲ್ಲದ ಹೊತ್ತಿನಲ್ಲಿ ಯಜಮಾನರು ಕದ್ದು ಊದಿನಕಡ್ಡಿ ಹಚ್ಚಿ ಹೋಗುತ್ತಿದ್ದರು, ಬೂದಿ ನೋಡಿದರೆ ಗೊತ್ತಾಗುತ್ತಿತ್ತು. ಸ್ವಲ್ಪ ತಾಳು ಕೆಂಚಕ್ಕ ಎಂದ ಮಕಬೂಲಣ್ಣ. ನಿನಗೇನು, ನಿಮ್ಮ ಬಾಬಾ ನಿನ್ನ ಮರ್ಯಾದೆ ಕಳೆದಿಲ್ಲ ಎಂದು ಅವನ ಮೇಲೂ ಹರಿಹಾಯ್ದೆ.

ಅಷ್ಟರಲ್ಲಿ ಲಕ್ಷ್ಮೀಪತಿಯವರ ಅರ್ಜಿ ಬಂತು. ದೇವರ ಓಟು ಓಟೇ ಅಲ್ಲ, ಕಲ್ಲಿಗೆ ಮತಾಧಿಕಾರ ಕೊಡುವುದು ವಿಚಾರವಂತರು ತಲೆ ತಗ್ಗಿಸುವ ಸಂಗತಿ, ಮೂಲೆಯಮ್ಮನ ಚೀಟಿಯನ್ನು ಕೂಡಲೇ ತೆಗೆದುಹಾಕಬೇಕು ಎಂದು ಅವರು ಬರೆದಿದ್ದರು. ಕೊನೆಯ ಉಸಿರಿನ ತನಕ ಎಂದಿದ್ದವರು ಇನ್ನೂ ಚೆನ್ನಾಗಿಯೇ ಉಸಿರಾಡುತ್ತಿದ್ದರು. ವಿಚಾರಣೆ ಅದೇ ಹಾಲಿನಲ್ಲಿ. ಊರೆಲ್ಲ ಮತ್ತೆ ಸೇರಿತು. ನಾನೂ ಹೋದೆ, ಬಜ್ಜಿ ಬುಟ್ಟಿ ಹೊತ್ತುಕೊಂಡೇ ಹೋದೆ. ಸಿಟ್ಟು ಎಷ್ಟೇ ಇರಲಿ, ವ್ಯಾಪಾರ ವ್ಯಾಪಾರವೇ.

ಲಕ್ಷ್ಮೀಪತಿಯವರು ಎದ್ದು ನಿಂತು, ಪಾಪ, ನಿಜಕ್ಕೂ ಚೆನ್ನಾಗಿ ಮಾತಾಡಿದರು. ಅಷ್ಟು ವರ್ಷ ದೇವರ ಪರ ವಾದಿಸಿ ಸವೆದ ಮನುಷ್ಯ ಕೊನೆಗೂ ತನ್ನ ಸ್ವಂತ ಮಾತಿಗೆ ಮರಳಿದ್ದರು, ಮುಖದಲ್ಲಿ ಕಳೆ ಬಂದಿತ್ತು. ಅಧಿಕಾರಿ ಶಂಭಣ್ಣನ ಕಡೆ ತಿರುಗಿ ನೀವೇನು ಹೇಳುತ್ತೀರಿ, ದೇವರ ಓಟು ರದ್ದಾಗಬೇಕೆಂದು ಯೋಜನೆ ಹಾಕಿದವರು ನೀವೇ ಅಲ್ಲವೇ ಎಂದು ಕೇಳಿದರು. ಶಂಭಣ್ಣ ಎದ್ದ, ಕೂತ, ಮತ್ತೆ ಎದ್ದ. ರದ್ದಾಗಬೇಕು ಎಂದರೆ ಕುರ್ಚಿ ಹೋಗುತ್ತದೆ. ಬೇಡ ಎಂದರೆ ಮೂಲೆಯಮ್ಮ ಹಕ್ಕುಳ್ಳ ಮತದಾರಳಾಗುತ್ತಾಳೆ, ಅವನ ಎರಡನೇ ಯೋಜನೆ ಬಿದ್ದುಹೋಗುತ್ತದೆ. ಅವನ ಪಕ್ಷದವರೆಲ್ಲ ಹಿಂದಿನಿಂದ ಅವನ ಅಂಗಿ ಎಳೆಯುತ್ತಿದ್ದರು. ಕೊನೆಗೆ ಅವನು, ದೇವರ ಓಟು ದೇವರಷ್ಟೇ ಪವಿತ್ರ, ಅದನ್ನು ಮುಟ್ಟಿದವರನ್ನು ನಾನು ಸುಮ್ಮನೆ ಬಿಡುವುದಿಲ್ಲ ಎಂದ. ಹಾಲಿನ ಹಿಂದಿನ ಸಾಲಿನಲ್ಲಿ ಶುರುವಾದ ನಗು ಮುಂದಿನ ಸಾಲಿಗೆ ಬಂದು, ಅಧಿಕಾರಿಯ ಮೇಜು ದಾಟಿ, ಕೊನೆಗೆ ಲಕ್ಷ್ಮೀಪತಿ ಮತ್ತು ಶಂಭಣ್ಣ ಇಬ್ಬರಿಗೂ ಅಂಟಿಕೊಂಡಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನನ್ನ ಬುಟ್ಟಿ ಖಾಲಿಯಾಯಿತು.

ಅಧಿಕಾರಿ ಕಣ್ಣೊರೆಸಿಕೊಂಡು ತೀರ್ಪು ಹೇಳಿದರು. ಮೂಲೆಯಮ್ಮನ ಓಟು ಊರ್ಜಿತ. ಆದರೆ ಈ ಅವಧಿಯೊಳಗೆ ಅವಳನ್ನು ಇದ್ದ ಜಾಗದಿಂದ ಕಿತ್ತರೆ ಅವಳು ಕೂಸಾಗುತ್ತಾಳೆ, 'ಕೂಸಿನ ಓಟು ಓಟಲ್ಲ', ಆಗ ಎರಡೂ ಕಡೆ ಸಮ, ಮತ್ತೆ ಚುನಾವಣೆ. ಕೇಳಿದ ಶಂಭಣ್ಣ ದೊಡ್ಡದಾಗಿ ಉಸಿರು ಬಿಟ್ಟ. ಬೆನ್ನ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡಂತೆ ಅವನ ಮೈ ಹಗುರಾದದ್ದನ್ನು ನಾನು ಕಣ್ಣಾರೆ ನೋಡಿದೆ.

ಈಗ ನಮ್ಮ ಮೂಲೆಯನ್ನು ನೋಡಬೇಕು ನೀವು. ಭಕ್ತಿಪಥ ಬೆಟ್ಟದ ಕಡೆಯಿಂದ ನೆಟ್ಟಗೆ ಬಂದು, ಹೊಂಗೆ ಮರದ ಹತ್ತಿರ ಸೊಂಟ ಬಳುಕಿಸಿ, ಅಮ್ಮನನ್ನೂ ನನ್ನ ಒಲೆಯನ್ನೂ ಬಳಸಿಕೊಂಡು ಹೋಗುತ್ತದೆ. ರಸ್ತೆಯ ಕೆಲಸ ನಡೆಯುವಷ್ಟು ದಿನವೂ ಶಂಭಣ್ಣ ತನ್ನ ರಸ್ತೆಯಿಂದ ತನ್ನ ಮತದಾರಳನ್ನು ಕಾಯಲು ಕೊಡೆ ಹಿಡಿದು ತಾನೇ ನಿಂತಿದ್ದ. ಲಕ್ಷ್ಮೀಪತಿಯವರು ದಿನಾ ಬೆಳಗ್ಗೆ ವಾಕಿಂಗ್ ನೆಪದಲ್ಲಿ ಬಂದು, ಅಮ್ಮ ಒಂದು ಅಂಗುಲವಾದರೂ ಸರಿದಿದ್ದಾಳೆಯೇ ಎಂದು ಬಗ್ಗಿ ನೋಡುತ್ತಾರೆ. ಸರಿದಿಲ್ಲವೆಂದು ಖಾತ್ರಿಯಾದ ಮೇಲೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶುರು ಮಾಡುತ್ತಾರೆ. ತಾವು ಹೀಗೆ ಮಾಡಬಾರದಿತ್ತು, ತಾವಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ನಮ್ಮಲ್ಲಿ ಏನು ಕೊರತೆ ಕಂಡಿರಿ? ಹೀಗೆ ಒಂದು ಗಂಟೆ. ಆಮೇಲೆ ಬಜ್ಜಿ ತಿನ್ನುತ್ತಾರೆ. ದೀಪದೆಣ್ಣೆಯ ಡಬ್ಬಿಯನ್ನು ಈಗ ಗಂಟೆಯವರೂ ಕೊಡುತ್ತಾರೆ, ಶಾಲೆಯ ಸೂರು ಮಾಡಿಸುತ್ತೇವೆ ಎಂದು ಕನ್ನಡಕದವರೂ ಹೇಳುತ್ತಿದ್ದಾರೆ. ಒಬ್ಬರ ಮತದಾರರ ಬಾಗಿಲು ತಟ್ಟುವುದು ಇನ್ನೊಬ್ಬರಿಗೂ ಅಭ್ಯಾಸವಾಗಿದೆ.

ರಸ್ತೆ ಮುಗಿದ ದಿನ ಶಂಭಣ್ಣ ಕೊಡೆ ಮಡಿಚಿಟ್ಟು ನನ್ನ ಒಲೆಯ ಹತ್ತಿರ ಬಂದು ಕೂತ.

"ಒಂದು ಮಾತು ಕೇಳ್ಲಾ ಕೆಂಚಕ್ಕ? ಅವಳು ನನಗ್ಯಾಕೆ ಹಾಕಿದ್ಲು?"

"ಅವತ್ತು ಬೆಳಗ್ಗೆ ನೀನು ಅವಳ ಮುಂದೆ ಕೂತಾಗ ನಾನು ಇಲ್ಲೇ ಇದ್ದೆ ಕಣಪ್ಪ," ಎಂದೆ. "ನನಗೆ ಕೇಳಿಸ್ತು. ನೀನೊಬ್ಬನೇ ಅವಳ ಹತ್ರ ಇದ್ದದ್ದನ್ನ ಇದ್ದಂಗೆ ಹೇಳ್ದೋನು. ಓಟೂ ಕೇಳ್ಲಿಲ್ಲ."

ಅವನು ಹೊಂಗೆ ಮರದ ಕಾಂಡವನ್ನು ಕೈಯಿಂದ ಒಂದು ಸಲ ಸವರಿ ಎದ್ದು ಹೋದ. ಅವನಿಗೆ ಹೇಳಿದ ಮಾತು ನನಗೂ ಆಗಲೇ ಅರ್ಥವಾದದ್ದು. ಆ ದಿನ ಅವನು ಹೇಳಿಕೊಳ್ಳುತ್ತಿದ್ದಾಗ ಅವಳೂ ಕೇಳಿಸಿಕೊಂಡಳು, ನಾನೂ ಕೇಳಿಸಿಕೊಂಡೆ. ನಾನು ಅವನಿಗೆ ಖಾರದ ಮೆಣಸಿನಕಾಯಿ ಕೊಟ್ಟೆ. ಅವಳು ಓಟು ಕೊಟ್ಟಳು. ಕೊಟ್ಟು, ನನ್ನ ಒಲೆಯನ್ನೂ ಉಳಿಸಿದಳು. ನಾನು ಮಾತ್ರ ಇಷ್ಟು ದಿನ ಮುಖ ಊದಿಸಿಕೊಂಡು ಕೂತಿದ್ದೆ.

ಮರುದಿನ ಬೇಗ ಎದ್ದು ಒಲೆ ಹೊತ್ತಿಸಿದೆ. ಹದವಾದ ಮೆಣಸಿನಕಾಯಿ ಆರಿಸಿ, ಹೊಟ್ಟೆ ಸೀಳಿ ಓಂಕಾಳು ಉಪ್ಪು ತುಂಬಿ, ಕೆಂಪಗೆ ಕರಿದೆ. ಪೇಪರ್ ಚೂರಿನ ಮೇಲೆ ಅವಳ ಮುಂದಿಟ್ಟೆ. ಏನಾದರೂ ಹೇಳಬೇಕೆಂದುಕೊಂಡೆ, ನಾಚಿಕೆಯಾಯಿತು. ಎಣ್ಣೆ ಕಾಯುತ್ತಿದೆ ಎಂಬ ನೆಪ ಮಾಡಿಕೊಂಡು ಬೆನ್ನು ತಿರುಗಿಸಿದೆ. ಒಂದು ಬೀಡಿ ಸೇದುವಷ್ಟು ಹೊತ್ತು ಆಗಿರಬಹುದು. ತಿರುಗಿ ನೋಡಿದರೆ ಬಜ್ಜಿ ಇರಲಿಲ್ಲ. ಅದರಲ್ಲೇನೂ ವಿಶೇಷವಿಲ್ಲ, ಕಾಗೆಗಳಿಗೆ ನಮ್ಮೂರಿನಲ್ಲಿ ಬರವಿಲ್ಲ. ಪೇಪರ್ ಚೂರು ಮಾತ್ರ ಪೀಠದ ಮೇಲೇ ಇತ್ತು, ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆಯಾಗಿ.

ಅವಳನ್ನು ಮನಸಾರೆ ಬೈದೆ. ಎಷ್ಟು ಖುಷಿಯಾಯಿತೆಂದರೆ, ನನ್ನ ಬೈಗುಳದ ಜೋರಿಗೆ ಎದುರಿನ ಅಂಗಡಿಯಿಂದ ಮಕಬೂಲಣ್ಣ ಟೀ ಲೋಟ ಹಿಡಿದುಕೊಂಡೇ ಓಡಿ ಬಂದ.